ಸುತ್ತುಪುಸ್ತಕಕ್ಕೆ ಮಂಗಳೂರಿನ ಆರು ಮಂದಿ ಸೇರುತ್ತಿದ್ದಾರೆ: ಸವಾಲು ಹೇಗಿರಲಿ, ಎದುರುಪುಟ ಹೇಗಿರಲಿ?

ಸೀತಾನದಿ, ಬ್ರಹ್ಮಾವರ
ಜೂನ್ 9, ರಾತ್ರಿ 9.20

ಎಲ್ಲರಿಗೂ ನಮಸ್ಕಾರ. ನಮ್ಮ ಸುತ್ತುಪುಸ್ತಕದ ವಿಷಯ ಇಲ್ಲಿ ಕೆಲವರಿಗೆ ಗೊತ್ತು. ಗೊತ್ತಿಲ್ಲದವರಿಗೆ ಮೊದಲು ಅದನ್ನು ಹೇಳಿಬಿಡುತ್ತೇನೆ.

ಗಟ್ಟಿ ರಟ್ಟಿನ ಒಂದು ಉದ್ದ ನೋಟುಪುಸ್ತಕ. ಕುಂದಾಪುರದಿಂದ ಕಾಪುವಿನವರೆಗೆ ಒಂಬತ್ತು ಮನೆಗಳಿಗೆ ಸುತ್ತುತ್ತದೆ. ಸರದಿಯಲ್ಲಿ ಒಬ್ಬರು ಸವಾಲು ಹಾಕುತ್ತಾರೆ, ಪುಸ್ತಕ ತಮ್ಮ ಮನೆಗೆ ಬಂದಾಗ ಒಬ್ಬೊಬ್ಬರೂ ಎರಡು ಮೂರು ಪುಟ ಬರೆದು ಮುಂದಿನವರಿಗೆ ದಾಟಿಸುತ್ತಾರೆ. ಒಬ್ಬರಿಗೆ ಮೂರು ದಿನ. ಬಲಪುಟ ಬರಹಕ್ಕೆ, ಎಡಪುಟ ಖಾಲಿ. ಎರಡನೆಯ ಸುತ್ತಿನಲ್ಲಿ ಪುಸ್ತಕ ಮತ್ತೆ ಬಂದಾಗ ಆ ಖಾಲಿ ಪುಟದಲ್ಲಿ ಓದಿದವರು ತಮ್ಮ ಮಾತು ಬರೆಯುತ್ತಾರೆ. ಅದನ್ನೇ ನಾವು ಎದುರುಪುಟ ಎನ್ನುವುದು.

ಐದು ವರ್ಷಗಳ ಹಿಂದೆ ಹನ್ನೊಂದು ಮಂದಿ ಆರಂಭಿಸಿದೆವು. ಮೂರನೆಯ ವರ್ಷಕ್ಕೆ ನಾಲ್ಕೇ ಮಂದಿ ಉಳಿದೆವು. ಜಗಳವಾಗಿರಲಿಲ್ಲ, ಯಾರೂ ಯಾರನ್ನೂ ನೋಯಿಸಿರಲಿಲ್ಲ. ಒಬ್ಬೊಬ್ಬರಾಗಿ “ಈ ತಿಂಗಳು ಬಿಡುವಿಲ್ಲ” ಎಂದರು, ಅಷ್ಟೇ. ನನಗೆ ತಡೆಯಲಾಗಲಿಲ್ಲ. ಬಿಟ್ಟುಹೋದ ಕುಂದಾಪುರ ಕಡೆಯ ಗೆಳತಿಯ ಮನೆಗೇ ಹೋಗಿ ಕೇಳಿದೆ. ಅವರು ಪುಸ್ತಕ ತೆರೆದು ತಮ್ಮ ಬರಹದ ಎದುರುಪುಟ ತೋರಿಸಿದರು. ಆರು ಕೈಬರಹ, ಆರು ಸಹಿ, ಆರರಲ್ಲೂ ಒಂದೇ ಮಾತು: ಚೆನ್ನಾಗಿದೆ. “ಅಕ್ಕಾ, ಇದರಲ್ಲಿ ಯಾರು ಓದಿದ್ದಾರೆ, ಯಾರು ಪುಟ ಮಗುಚಿದ್ದಾರೆ ಎಂದು ನನಗೆ ಹೇಗೆ ತಿಳಿಯಬೇಕು?” ಎಂದರು. ಆ ಆರರಲ್ಲಿ ಒಂದು ಸಹಿ ನನ್ನದು. ನಾನು ಓದಿದ್ದೆ, ನಿಜವಾಗಿಯೂ ಇಷ್ಟಪಟ್ಟಿದ್ದೆ. ಆದರೆ ಅದಕ್ಕೆ ಆ ಪುಟದಲ್ಲಿ ಸಾಕ್ಷಿಯೇ ಇರಲಿಲ್ಲ.

ಅಂದಿನಿಂದ ಎರಡು ಕಟ್ಟಳೆ ಮಾಡಿಕೊಂಡೆವು. ಎದುರುಪುಟದಲ್ಲಿ ಬರೆಯುವವರು ತಮ್ಮ ಕಣ್ಣು ನಿಂತ ಒಂದು ವಾಕ್ಯವನ್ನು ಹಾಗೆಯೇ ನಕಲು ಮಾಡಬೇಕು. ಅದರ ಕೆಳಗೆ ಒಂದು ಪ್ರಶ್ನೆ ಕೇಳಬೇಕು, ಉತ್ತರ ತಮಗೆ ಗೊತ್ತಿಲ್ಲದ ಪ್ರಶ್ನೆ.

ಇದರಿಂದ ಏನಾಯಿತು ಎನ್ನುವುದಕ್ಕೆ ಒಂದನ್ನು ಹೇಳಲೇಬೇಕು. ಆ ವರ್ಷ ಆಟಿಯಲ್ಲಿ, ಎಂದರೆ ತುಳುವರ ಮಳೆಗಾಲದ ತಿಂಗಳಲ್ಲಿ, ಬಂದ ಸವಾಲು: “ಮಳೆ ಎಂಬ ಪದವಿಲ್ಲದೆ ಮಳೆಗಾಲವನ್ನು ಬರೆಯಿರಿ.” ಅದೇ ಗೆಳತಿ ಮರಳಿ ಬಂದು ಗೊರಬಿನ ಬಗ್ಗೆ ಬರೆದರು. ಗೊತ್ತಿಲ್ಲದವರಿಗೆ: ನೇಜಿ, ಎಂದರೆ ಭತ್ತದ ಸಸಿ, ನೆಡುವವರು ತಲೆಯಿಂದ ಬೆನ್ನು ಮುಚ್ಚುವ ಹಾಗೆ ಹೊದೆಯುವ, ಬಿದಿರಿನ ಕಡ್ಡಿಗೆ ಎಲೆ ಹೆಣೆದು ಮಾಡಿದ ಹೊದಿಕೆ, ಬಗ್ಗಿ ನೆಡುವಾಗ ಎರಡು ಕೈಯೂ ಕೆಲಸಕ್ಕೆ ಬಿಡುವಾಗಿರುತ್ತವೆ. ಅವರ ಒಂದು ವಾಕ್ಯ ಹೀಗಿತ್ತು: “ಅಮ್ಮ ಗೊರಬನ್ನು ಜಗಲಿಯ ಗೋಡೆಗೆ ಒರಗಿಸಿದರೆ ಅದರ ಬುಡದಲ್ಲಿ ನೆಲದ ಮೇಲೆ ಕಪ್ಪು ಅರ್ಧಚಂದ್ರವೊಂದು ಮೂಡುತ್ತಿತ್ತು.” ನಮ್ಮಲ್ಲೊಬ್ಬರು ಆ ವಾಕ್ಯವನ್ನು ನಕಲು ಮಾಡಿ ಕೇಳಿದರು: “ಆ ಅರ್ಧಚಂದ್ರ ಒಣಗುವುದನ್ನು ನೀವು ನೋಡಿದ್ದೀರಾ?” ಗೆಳತಿಗೆ ಉತ್ತರ ಗೊತ್ತಿರಲಿಲ್ಲ. ಹೋಗಿ ಅಮ್ಮನನ್ನೇ ಕೇಳಿದರಂತೆ. “ಅದು ಒಣಗುವುದೆಂದರೆ ದೀಪಾವಳಿಗೆ” ಎಂದರಂತೆ ಅಮ್ಮ. ಅಲ್ಲಿಂದ ಮಾತು ಬೆಳೆದು, ಮನೆಯಲ್ಲಿದ್ದ ಎರಡನೆಯ ಗೊರಬು ಯಾರದು, ಅತ್ತೆ ತೀರಿಕೊಂಡ ಮೇಲೆ ಅದನ್ನು ಯಾರೂ ಏಕೆ ಹೊದೆಯಲಿಲ್ಲ ಎಂಬ ಕತೆ ಹೊರಬಂತು. ಮುಂದಿನ ಸುತ್ತಿಗೆ ಅವರು ಏಳು ಪುಟ ಬರೆದರು. ಅಷ್ಟನ್ನೂ ಬರೆಸಿದ್ದು ಆ ಒಂದು ಪ್ರಶ್ನೆ.

ಈಗ ನಾವು ಒಂಬತ್ತು. ಮಂಗಳೂರಿನಿಂದ ಆರು ಮಂದಿ ಸೇರುತ್ತೇವೆ ಎಂದಿದ್ದಾರೆ. ಒಬ್ಬರಿಗೆ ಮೂರು ದಿನವೆಂದರೂ ಹದಿನೈದು ಮಂದಿಗೆ ಒಂದು ಸುತ್ತಿಗೆ 45 ದಿನ, ಬರಹ ಮತ್ತು ಎದುರುಪುಟ ಸೇರಿ ಮೂರು ತಿಂಗಳು. ಅಷ್ಟು ಕಾದರೆ ಬಿಸಿ ಆರಿಹೋಗುತ್ತದೆ. ನಿಮಗೆ ತೋಚಿದ್ದನ್ನು ಹೇಳಿ. ಸವಾಲು ಎಂಥದ್ದಿರಬೇಕು ಎಂಬುದನ್ನೂ ಹೇಳಿ.

ಕರಡು ತಿದ್ದುವವ, ಮಂಗಳೂರು
ಜೂನ್ 9, ರಾತ್ರಿ 10.45

ಅಕ್ಕ, ಆ ಆರರಲ್ಲಿ ನಾನೂ ಒಬ್ಬ. ಮುದ್ರಣಾಲಯವೊಂದರಲ್ಲಿ ಕರಡು ತಿದ್ದುವ ಕೆಲಸ ಇಪ್ಪತ್ತೆರಡು ವರ್ಷ ಮಾಡಿದ್ದೇನೆ.

ಒಂದು ಸಲಹೆ. ಪುಸ್ತಕ ಎರಡಿರಲಿ. ಒಂದು ನಿಮ್ಮ ಕಡೆಯಿಂದ, ಒಂದು ನಮ್ಮ ಕಡೆಯಿಂದ ಒಂದೇ ದಿನ ಹೊರಡಲಿ. ಮೊದಲ ಸುತ್ತಿನಲ್ಲಿ ನಿಮ್ಮ ಒಂಬತ್ತು ಮಂದಿ ನಿಮ್ಮ ಪುಸ್ತಕದಲ್ಲಿ, ನಾವು ಆರು ಮಂದಿ ನಮ್ಮದರಲ್ಲಿ ಬರೆಯೋಣ. ನಾವು ಕಡಿಮೆ ಇರುವುದರಿಂದ ನಾಲ್ಕು ನಾಲ್ಕು ದಿನ ಇಟ್ಟುಕೊಳ್ಳುತ್ತೇವೆ. ತಿಂಗಳ ಕೊನೆಗೆ ಎರಡೂ ಪುಸ್ತಕ ಮೂಲ್ಕಿಯಲ್ಲಿ ಅದಲುಬದಲಾಗಲಿ. ಎರಡೂ ಊರಿಗೆ ಅದು ಹೆಚ್ಚುಕಡಿಮೆ ಅರ್ಧದಾರಿ. ಎರಡನೆಯ ತಿಂಗಳು ನಿಮ್ಮ ಬರಹದ ಎದುರುಪುಟ ನಾವು ಬರೆಯುತ್ತೇವೆ, ನಮ್ಮದರದ್ದು ನೀವು. ಮುಖ ನೋಡದವರ ಬರಹ ಓದುವಾಗ ಅಕ್ಷರವೊಂದೇ ಆಧಾರ. “ಇವರು ನಮ್ಮ ಪರಿಚಯದವರು, ಬೇಸರ ಮಾಡಿಕೊಂಡಾರು” ಎಂಬ ಅಳುಕಿಗೆ ಅಲ್ಲಿ ಜಾಗವಿಲ್ಲ.

ಶಾಂಭವಿ ಹೊಳೆಯ ಸೇತುವೆ ದಾಟಿದರೆ ಜಿಲ್ಲೆ ಬೇರೆ, ನಿಜ. ಆದರೆ 1997ರವರೆಗೆ ಒಂದೇ ಜಿಲ್ಲೆಯಾಗಿದ್ದವರಲ್ಲವೇ ನಾವು.

ರಾತ್ರಿಪಾಳಿ, ಮಣಿಪಾಲ
ಜೂನ್ 10, ಬೆಳಿಗ್ಗೆ 6.50

ನಾನು ಈ ಒಂಬತ್ತರಲ್ಲಿ ಕಿರಿಯಳು. ಒಂದು ವಿಷಯ ಹೇಳಬೇಕೋ ಬೇಡವೋ ಎಂದು ಬಹಳ ಯೋಚಿಸಿದೆ. ಹೊಸಬರು ಬರುತ್ತಿರುವುದರಿಂದ ಹೇಳುವುದೇ ಸರಿ ಅನ್ನಿಸಿತು.

ನನ್ನ ಮನೆಮಾತು ಬ್ಯಾರಿ. ಕನ್ನಡ ನನಗೆ ಶಾಲೆಯಲ್ಲಿ ಸಿಕ್ಕಿದ ಭಾಷೆ. ಅದರ ಮೇಲೆ ಪ್ರೀತಿಯಿದೆ, ಅಧಿಕಾರವಿಲ್ಲ. ಈ ಬಳಗಕ್ಕೆ ಬರುವ ಮೊದಲು ಬೇರೊಂದು ಕಡೆ ನನ್ನ ಮೊದಲ ಬರಹ ಓದಲು ಕೊಟ್ಟಿದ್ದೆ. ರಾತ್ರಿ ಎರಡು ಗಂಟೆಗೆ ವಾರ್ಡಿನಲ್ಲಿ ಒಬ್ಬ ಅಜ್ಜ ತನ್ನ ಎಮ್ಮೆಯನ್ನು ಹೆಸರು ಹಿಡಿದು ಕರೆದ ಬಗ್ಗೆ ಬರೆದಿದ್ದೆ. ಆ ಹೆಸರು ಕೇಳಿದಾಗ ಪಕ್ಕದ ಹಾಸಿಗೆಯವರೂ ಎದ್ದು ಕುಳಿತಿದ್ದರು. ಬರಹ ಮರಳಿ ಬಂದಾಗ ಹನ್ನೆರಡು ಕಡೆ ಕೆಂಪು ಶಾಯಿ. ಮಹಾಪ್ರಾಣ ಬಿಟ್ಟುಹೋದದ್ದು, ದೀರ್ಘ ತಪ್ಪಿದ್ದು, ಎಲ್ಲವೂ ಸರಿಯಾಗಿಯೇ ಗುರುತಾಗಿತ್ತು. ಅಜ್ಜನ ಬಗ್ಗೆ ಒಂದಕ್ಷರವಿಲ್ಲ, ಎಮ್ಮೆಯ ಬಗ್ಗೆ ಒಂದಕ್ಷರವಿಲ್ಲ. ಐದು ತಿಂಗಳು ನಾನು ಪೆನ್ನು ಮುಟ್ಟಲಿಲ್ಲ.

ತಪ್ಪು ತೋರಿಸಬೇಡಿ ಎಂದು ನಾನು ಹೇಳುತ್ತಿಲ್ಲ. ನಮ್ಮ ಕಡೆ ತುಳು, ಕೊಂಕಣಿ, ಬ್ಯಾರಿ ಮನೆಮಾತಾಗಿರುವವರು ಎಷ್ಟೊಂದು ಮಂದಿ ಕನ್ನಡದಲ್ಲಿ ಬರೆಯುತ್ತಾರೆ. ತುಳುವಿನ ಮನೆಯಲ್ಲಿ ಬೆಳೆದ ಕಿವಿಗೆ ಬ, ಭ ಒಂದೇ ಹಾಗೆ ಕೇಳಿಸಿದರೆ ಅದು ಉದಾಸೀನವಲ್ಲ. ಮೊದಲು ಅಜ್ಜನ ಬಗ್ಗೆ ಏನಾದರೂ ಕೇಳಿ, ಮಹಾಪ್ರಾಣ ಆಮೇಲೆ ಬರಲಿ. ಇಷ್ಟೇ ನನ್ನ ಕೋರಿಕೆ.

ಕರಡು ತಿದ್ದುವವ, ಮಂಗಳೂರು
ಜೂನ್ 10, ಬೆಳಿಗ್ಗೆ 8.15

ತಂಗಿ, ನಿಮ್ಮ ಮಾತನ್ನು ಎರಡು ಬಾರಿ ಓದಿದೆ. ಆ ಕೆಂಪು ಶಾಯಿ ನನ್ನದಲ್ಲ, ಆದರೆ ನನ್ನದೇ ಆಗಿರಬಹುದಿತ್ತು. ನನ್ನ ಕಣ್ಣಿಗೆ ಮೊದಲು ಬೀಳುವುದು ಬಿಟ್ಟುಹೋದ ಒತ್ತಕ್ಷರವೇ. ಇಪ್ಪತ್ತೆರಡು ವರ್ಷದ ಅಭ್ಯಾಸ ಅದು.

ಹಾಗಾಗಿ ಒಂದು ವ್ಯವಸ್ಥೆ ಮಾಡೋಣ. ಕಾಗುಣಿತ ತಿದ್ದುವವರು ಎದುರುಪುಟವನ್ನು ಅದಕ್ಕೆ ಬಳಸಬಾರದು. ಒಂದು ಚೀಟಿಯಲ್ಲಿ ಬರೆದು ಮಡಚಿ ಆ ಪುಟದ ನಡುವೆ ಇಡಲಿ, ಬರೆದವರು ಮಾತ್ರ ತೆರೆಯಲಿ. ಅದೂ ಬರೆದವರು ಬೇಕು ಎಂದು ಪುಟದ ತುದಿಯಲ್ಲಿ ಗುರುತು ಹಾಕಿದ್ದರೆ ಮಾತ್ರ. ಎದುರುಪುಟವನ್ನು ಹದಿನೈದು ಮಂದಿ ನೋಡುತ್ತಾರೆ. ತಪ್ಪಿನ ಪಟ್ಟಿಯನ್ನು ಅಷ್ಟು ಮಂದಿಯ ಮುಂದೆ ಬಿಚ್ಚಿಡುವುದು ಅಂಗಳದಲ್ಲಿ ನಿಲ್ಲಿಸಿ ಬೈದ ಹಾಗೆ.

ಮತ್ತೆ, ಆ ಅಜ್ಜ ಎಮ್ಮೆಯನ್ನು ಯಾವ ಹೆಸರಿನಿಂದ ಕರೆದರು?

ರಾತ್ರಿಪಾಳಿ, ಮಣಿಪಾಲ
ಜೂನ್ 10, ಬೆಳಿಗ್ಗೆ 8.40

ಚೆಲುವಿ. ಇದನ್ನು ಈವರೆಗೆ ಯಾರೂ ಕೇಳಿರಲಿಲ್ಲ.

ಅರ್ಥ ಕೇಳುವವ, ಕಿನ್ನಿಗೋಳಿ
ಜೂನ್ 10, ಸಂಜೆ 7.30

ನಾನು ಬರೆಯುವವನಲ್ಲ, ಓದುವವನು. ಅದಕ್ಕಿಂತ ಹೆಚ್ಚಾಗಿ ತಾಳಮದ್ದಳೆ, ಎಂದರೆ ಯಕ್ಷಗಾನದ ಪ್ರಸಂಗವನ್ನು ಕುಳಿತು ಮಾತಿನಲ್ಲೇ ನಡೆಸುವ ಕೂಟ, ಕೇಳುವವನು. ಸಣ್ಣವನಿದ್ದಾಗಿನಿಂದ ಚಾಪೆ ಹಾಸಿ ಕುಳಿತು ಕೇಳಿದ್ದೇನೆ. ನಿಮ್ಮ ಎದುರುಪುಟ ಎಂಬ ಹೆಸರು ನೋಡಿದ ಕೂಡಲೇ ನನಗೆ ಎದುರು ಅರ್ಥ, ಎಂದರೆ ಎದುರು ಪಾತ್ರದವನ ಮಾತು, ನೆನಪಾಯಿತು.

ಶೇಣಿ ಗೋಪಾಲಕೃಷ್ಣ ಭಟ್ಟರು, ಮಲ್ಪೆ ರಾಮದಾಸ ಸಾಮಗರು, ದೇರಾಜೆ ಸೀತಾರಾಮಯ್ಯನವರು ಕುಳಿತ ಕೂಟಗಳ ಬಗ್ಗೆ ನಮ್ಮ ಕಡೆ ಹಿರಿಯರು ಈಗಲೂ ಮಾತನಾಡುತ್ತಾರೆ. ವೇಷವಿಲ್ಲ, ಕುಣಿತವಿಲ್ಲ, ಬರೆದಿಟ್ಟ ಸಂಭಾಷಣೆಯಿಲ್ಲ. ಭಾಗವತರು ಪದ, ಎಂದರೆ ಪ್ರಸಂಗದ ಹಾಡು, ಹೇಳುತ್ತಾರೆ, ಅರ್ಥಧಾರಿ ಅದರ ಮೇಲೆ ಆ ಕ್ಷಣದಲ್ಲಿ ಮಾತು ಕಟ್ಟುತ್ತಾನೆ. ಕೃಷ್ಣ ಸಂಧಾನದಲ್ಲಿ ಕೌರವನ ಅರ್ಥ ಹೇಳುವವನು ಗಟ್ಟಿಯಾಗಿದ್ದರೆ ಮಾತ್ರ ಕೃಷ್ಣ ಅರಳುತ್ತಾನೆ. ಒಳ್ಳೆಯ ಅರ್ಥಧಾರಿ ಎದುರಿನವನ ಮಾತಿನಲ್ಲಿ ಒಂದು ಪದವನ್ನು ಎತ್ತಿಕೊಂಡು ಅದರಿಂದಲೇ ತನ್ನ ಉತ್ತರ ಆರಂಭಿಸುತ್ತಾನೆ. ಆಗ ಸಭೆಗೆ ತಿಳಿಯುತ್ತದೆ, ಇವನು ತನ್ನ ಸರದಿಗೆ ಕಾಯುತ್ತಿರಲಿಲ್ಲ, ಕೇಳುತ್ತಿದ್ದ ಎಂದು. ನೀವು ವಾಕ್ಯ ನಕಲು ಮಾಡುವ ಕಟ್ಟಳೆ ಮಾಡಿದ್ದೂ ಇದಕ್ಕೇ ಎಂದು ನಾನು ತಿಳಿದಿದ್ದೇನೆ.

ಇನ್ನೊಂದು ಮಾತೂ ಇದೆ. ಕೆಲವೊಮ್ಮೆ ಇಬ್ಬರು ಅರ್ಥಧಾರಿಗಳು ಗೆಲ್ಲುವುದಕ್ಕೇ ಕುಳಿತುಬಿಡುತ್ತಾರೆ. ವಾದ ಬೆಳೆಯುತ್ತದೆ, ಪ್ರಸಂಗ ನಿಲ್ಲುತ್ತದೆ. ಆಗ ಭಾಗವತರು ಜಾಗಟೆ ಬಾರಿಸಿ ಮುಂದಿನ ಪದ ಎತ್ತುತ್ತಾರೆ. ಯಾರಿಗೂ ಅವಮಾನವಿಲ್ಲ, ಕತೆ ಮುಂದೆ ಹೋಗುತ್ತದೆ. ಹದಿನೈದು ಮಂದಿ ಎಂದ ಮೇಲೆ ನಿಮಗೂ ಒಬ್ಬ ಭಾಗವತ ಬೇಕು. ಎದುರುಪುಟದಲ್ಲಿ ಇಬ್ಬರ ನಡುವೆ ಮಾತು ಹೋಗಿ ಬಂದು ಬಿಸಿಯಾದರೆ, “ಇನ್ನು ಮುಂದಿನ ಪುಟ” ಎನ್ನುವ ಅಧಿಕಾರ ಒಬ್ಬರಿಗೆ ಇರಲಿ. ಅವರು ಆ ಸುತ್ತಿನಲ್ಲಿ ಬರೆಯದೆ ಇರಲಿ.

ದೀಪಸ್ತಂಭ, ಕಾಪು
ಜೂನ್ 11, ಮಧ್ಯಾಹ್ನ 1.10

ನಾನು ಸ್ವಲ್ಪ ಬೇರೆ ಹೇಳುತ್ತೇನೆ, ಅಕ್ಕ. ಬೇಸರ ಮಾಡಿಕೊಳ್ಳಬೇಡಿ.

ಸವಾಲು ಎಂಬುದೇ ನನಗೆ ಪೂರ್ತಿ ಒಪ್ಪಿಗೆಯಿಲ್ಲ. ಎಲ್ಲರೂ ಒಂದೇ ವಿಷಯಕ್ಕೆ ಬರೆಯುವುದು ಶಾಲೆಯ ಪ್ರಬಂಧದ ಹಾಗೆ. ನನಗೆ ಹೀಗಾಯಿತು: ಹೋದ ವರ್ಷ ಅಪ್ಪ ತೀರಿಕೊಂಡು ಹದಿನಾರು ದಿನ ಆಗಿತ್ತು, ಪುಸ್ತಕ ಮನೆಗೆ ಬಂತು. ಆ ತಿಂಗಳ ಸವಾಲು “ನಿಮ್ಮ ಹಿತ್ತಿಲಿನ ಒಂದು ಹಣ್ಣಿನ ಮರ”. ಹಿತ್ತಿಲಿನ ಮಾವಿನ ಮರ ಅಪ್ಪ ನೆಟ್ಟದ್ದು. ಬರೆಯಲು ಕುಳಿತರೆ ಕೈ ಏಳಲಿಲ್ಲ. ಬಿಟ್ಟುಬಿಡೋಣವೆಂದರೆ ಸರದಿ ತಪ್ಪಿಸಿದ ಅಪರಾಧ. ಮೂರು ದಿನ ಪುಸ್ತಕವನ್ನು ಮೇಜಿನ ಮೇಲಿಟ್ಟು ನೋಡಿದೆ, ಕೊನೆಗೆ ಹಲಸಿನ ಬಗ್ಗೆ ಏನೋ ನಾಲ್ಕು ಸಾಲು ಸುಳ್ಳು ಬರೆದು ಕಳುಹಿಸಿದೆ. ಅದರ ಎದುರುಪುಟದಲ್ಲಿ ಒಳ್ಳೆಯ ಪ್ರಶ್ನೆಗಳೂ ಬಂದವು. ಸುಳ್ಳಿಗೆ ಬಂದ ಒಳ್ಳೆಯ ಪ್ರಶ್ನೆಯನ್ನು ಏನು ಮಾಡುವುದು ಹೇಳಿ. ನಾನು ಇಂದಿಗೂ ಉತ್ತರ ಬರೆದಿಲ್ಲ.

ಗೆಳೆತನದ ಸವಾಲು ಎನ್ನುತ್ತೇವೆ. ಬೇಡ ಎನ್ನಲು ಬರದಿದ್ದರೆ ಅದು ಗೆಳೆತನದ್ದಲ್ಲ.

ಸೀತಾನದಿ, ಬ್ರಹ್ಮಾವರ
ಜೂನ್ 11, ಮಧ್ಯಾಹ್ನ 3.30

ಬೇಸರವಿಲ್ಲ, ತಮ್ಮಾ. ಆ ಹಲಸಿನ ಪುಟ ನನಗೆ ನೆನಪಿದೆ. ನಿಮ್ಮ ಬರಹದಲ್ಲಿ ಎಂದೂ ಕಾಣದ ಒಂದು ಒಣಕಲು ಅದರಲ್ಲಿತ್ತು. ನಾನು ಗಮನಿಸಿದ್ದೆ, ಕೇಳಲಿಲ್ಲ. ಎದುರುಪುಟದಲ್ಲಿ ಬರೆಯಲಾಗದ್ದನ್ನು ಫೋನು ಮಾಡಿ ಕೇಳಬಹುದಿತ್ತು. ಅದು ನನ್ನ ತಪ್ಪು.

ಇನ್ನು ಮುಂದೆ ಹೀಗಿರಲಿ. ಬರೆಯಲಾಗದವರು ತಮ್ಮ ಬಲಪುಟದ ಮೇಲೆ ದಿನಾಂಕ ಮಾತ್ರ ಹಾಕಿ ದಾಟಿಸಬಹುದು. ಕಾರಣ ಬರೆಯಬೇಕಾಗಿಲ್ಲ, ಯಾರೂ ಕೇಳುವುದೂ ಇಲ್ಲ. ಆದರೆ ಆ ಪುಟ ಖಾಲಿಯಾಗಿಯೇ ಉಳಿದಿರಲಿ, ಅವರಿಗೆ ಎಂದು ಬೇಕೋ ಅಂದು ಅದರಲ್ಲಿ ಬರೆಯಲಿ. ನಿಮ್ಮ ಮಾವಿನ ಮರಕ್ಕೂ ಒಂದು ಪುಟ ಹಳೆಯ ಪುಸ್ತಕದಲ್ಲಿ ಇದೆ ಎಂದು ತಿಳಿಯಿರಿ. ಆ ಪುಸ್ತಕ ನನ್ನ ಬಳಿಯೇ ಇದೆ.

ಪದ್ಯದ ಹುಚ್ಚಿ, ಮೂಡುಬಿದಿರೆ
ಜೂನ್ 11, ರಾತ್ರಿ 9.05

ಕಾಪುವಿನವರ ನೋವು ಅರ್ಥವಾಗುತ್ತದೆ. ಆದರೂ ಸವಾಲಿನ ಪರವಾಗಿ ನಾನು ಮಾತನಾಡಲೇಬೇಕು. ವಿಷಯ ಕೊಡುವ ಸವಾಲು ಒಂದು ಬಗೆ, ಕಟ್ಟು ಹಾಕುವ ಸವಾಲು ಇನ್ನೊಂದು ಬಗೆ. ತೊಂದರೆಯಿರುವುದು ಮೊದಲನೆಯದರಲ್ಲಿ.

ಎಂಟು ಮಂದಿ ಪೃಚ್ಛಕರು ಕೇಳುವುದಕ್ಕೆಲ್ಲ ಅವಧಾನಿ ಒಬ್ಬರೇ ಉತ್ತರ ಕೊಡುವ ಅಷ್ಟಾವಧಾನದಲ್ಲಿ ನಿಷೇಧಾಕ್ಷರಿ ಎಂಬುದಿದೆ. ಅವಧಾನಿ ಒಂದು ಅಕ್ಷರ ಹೇಳುತ್ತಾರೆ, ಪೃಚ್ಛಕರು ಮುಂದಿನದಕ್ಕೆ ಇಂಥ ಅಕ್ಷರ ಕೂಡದು ಎಂದು ನಿಷೇಧ ಹಾಕುತ್ತಾರೆ. ಅವಧಾನಿ ಬೇರೆ ದಾರಿ ಹುಡುಕಿ ಪದ್ಯ ಕಟ್ಟುತ್ತಾ ಹೋಗುತ್ತಾರೆ. ನೋಡುವವರಿಗೆ ಇದು ಕಾಲೆಳೆಯುವ ಆಟದಂತೆ ಕಾಣುತ್ತದೆ. ಆದರೆ ಯೋಚಿಸಿ: ಯಾವ ಅಕ್ಷರ ಬರಲಿದೆ ಎಂದು ಊಹಿಸಿದರೆ ತಾನೇ ಅದನ್ನು ತಡೆಯಲು ಸಾಧ್ಯ? ಹಾಗಾಗಿ ತಡೆಯುವವರು ಕವಿಯ ಜೊತೆಜೊತೆಗೇ ಅದೇ ಪದ್ಯವನ್ನು ಒಳಗೊಳಗೆ ಕಟ್ಟುತ್ತಿರಬೇಕು. ಅಷ್ಟು ಹತ್ತಿರದ ಓದುಗ ಬೇರೆ ಯಾರಿದ್ದಾರೆ? “ಮಳೆ” ಎಂಬ ಪದ ಬೇಡ ಎಂದದ್ದು ಈ ಜಾತಿಯ ಸವಾಲು. ಅದು ಯಾರ ಮನೆಯ ದುಃಖವನ್ನೂ ಕೆದಕುವುದಿಲ್ಲ. ಏನನ್ನು ಬೇಕಾದರೂ ಬರೆಯಿರಿ, ಈ ಒಂದು ಸುಲಭದ ದಾರಿಯಲ್ಲಿ ಹೋಗಬೇಡಿ ಎನ್ನುತ್ತದೆ, ಅಷ್ಟೇ.

ನಮ್ಮ ಕರಾವಳಿಯಲ್ಲೇ ಇದಕ್ಕೆ ದೊಡ್ಡ ಉದಾಹರಣೆಯಿದೆ. ಮಂಜೇಶ್ವರದ ಗೋವಿಂದ ಪೈಗಳು 1911ರಲ್ಲಿ ದ್ವಿತೀಯಾಕ್ಷರ ಪ್ರಾಸವನ್ನು, ಎಂದರೆ ಸಾಲುಗಳ ಎರಡನೆಯ ಅಕ್ಷರ ಹೊಂದಿಸುವ ಕಟ್ಟನ್ನು, ಬಿಟ್ಟರು. ಕನ್ನಡ ಕವಿಗಳಿಗೆ ನೂರಾರು ವರ್ಷ ಊರುಗೋಲಾಗಿದ್ದುದನ್ನು ಕೈಬಿಟ್ಟು ನಡೆದರು.

ಇನ್ನು ಎದುರುಪುಟ. ನಂದಳಿಕೆಯ ಲಕ್ಷ್ಮೀನಾರಣಪ್ಪ, ಎಂದರೆ ನಮ್ಮ ಮುದ್ದಣ, ಉಡುಪಿಯಲ್ಲಿ ವ್ಯಾಯಾಮ ಶಿಕ್ಷಕರಾಗಿದ್ದವರು, 1901ರಲ್ಲಿ ತೀರಿಕೊಂಡಾಗ 31 ವರ್ಷ. ಅವರ ರಾಮಾಶ್ವಮೇಧದಲ್ಲಿ ಕತೆ ಹೇಳುವ ಮುದ್ದಣನ ಹೆಂಡತಿ ಮನೋರಮೆ ಸುಮ್ಮನೆ ಕತೆ ಕೇಳುವವಳಲ್ಲ. ನಡುವೆ ತಡೆಯುತ್ತಾಳೆ, ತಿಳಿಯದ ಸಂಸ್ಕೃತ ಬೇಡ ಎನ್ನುತ್ತಾಳೆ, ಪದ್ಯ ಬೇಡ ಗದ್ಯವಿರಲಿ ಎಂದು ಹೇಳುವವಳೂ ಅವಳೇ. ಇಂದು ಎಷ್ಟೋ ಮಂದಿಗೆ ಆ ಕೃತಿಯಲ್ಲಿ ನೆನಪಿರುವುದು ಕುದುರೆಯ ಕತೆಗಿಂತ ಆ ಗಂಡಹೆಂಡಿರ ಮಾತೇ. ನನಗೆ ಒಂದೊಂದು ಸಲ ಅನ್ನಿಸುತ್ತದೆ, ಬಡತನದಲ್ಲಿ, ಕಾಯಿಲೆಯಲ್ಲಿ ಒಬ್ಬರೇ ಕುಳಿತು ಬರೆಯುತ್ತಿದ್ದ ಅವರು ತಮಗೆ ಬೇಕಾಗಿದ್ದ ಓದುಗಾರ್ತಿಯನ್ನು ತಾವೇ ಬರೆದುಕೊಂಡರೇನೋ ಎಂದು.

ದೀಪಸ್ತಂಭ, ಕಾಪು
ಜೂನ್ 11, ರಾತ್ರಿ 10.20

ಕಟ್ಟು ಹಾಕುವ ಸವಾಲಾದರೆ ನನಗೂ ಒಪ್ಪಿಗೆ. ಮನೋರಮೆಯ ಮಾತು ನನ್ನನ್ನು ತುಂಬ ಹೊತ್ತು ಹಿಡಿದಿಟ್ಟಿತು.

ಅಕ್ಕ, ಹಳೆಯ ಪುಸ್ತಕ ಒಮ್ಮೆ ಕಳುಹಿಸುವಿರಾ? ಅವಸರವಿಲ್ಲ.

ಕೆಂಪುಕಲ್ಲು, ಸುರತ್ಕಲ್
ಜೂನ್ 12, ಬೆಳಿಗ್ಗೆ 9.00

ಹೊಸ ಆರರಲ್ಲಿ ನಾನೂ ಇದ್ದೇನೆ. ಎರಡು ಸಣ್ಣ ವಿಷಯ. ಪುಟಗಳ ಫೋಟೊ ತೆಗೆದು ಮೊಬೈಲಿನಲ್ಲಿ ಕಳುಹಿಸಿದರೆ ಒಂದೇ ದಿನದಲ್ಲಿ ಎಲ್ಲರೂ ಓದಬಹುದಲ್ಲವೇ ಎಂದು ಮೊದಲು ಯೋಚಿಸಿದ್ದೆ. ಈಗ ಬೇಡ ಅನ್ನಿಸುತ್ತಿದೆ. ಮೊಬೈಲಿನಲ್ಲಿ ನಾನೂ ಹೆಬ್ಬೆರಳು ಎತ್ತಿ ಮುಂದೆ ಹೋಗುವವನೇ. ಎರಡನೆಯದು, ಮಳೆಗಾಲ. ಶಾಯಿಪೆನ್ನಿನಲ್ಲಿ ಬರೆಯಬೇಡಿ, ಬಾಲ್ ಪೆನ್ನು ಇರಲಿ. ಪುಸ್ತಕವನ್ನು ದಪ್ಪ ಪ್ಲಾಸ್ಟಿಕ್ ಚೀಲದಲ್ಲಿ ಎರಡು ಸುತ್ತು ಸುತ್ತಿ ಬಸ್ಸಿನವರ ಕೈಗೆ ಕೊಡಬೇಕು.

ಅರ್ಥ ಕೇಳುವವ, ಕಿನ್ನಿಗೋಳಿ
ಜೂನ್ 12, ಬೆಳಿಗ್ಗೆ 9.35

ಮೂಲ್ಕಿ ನನಗೆ ಹತ್ತಿರ. ಅದಲುಬದಲು ಮಾಡುವ ಕೆಲಸ ನನಗಿರಲಿ. ಉಡುಪಿಯಿಂದ ಬರುವ ಎಕ್ಸ್‌ಪ್ರೆಸ್ ಬಸ್ಸಿನ ಕಂಡಕ್ಟರಿಂದ ಒಂದನ್ನು ಇಳಿಸಿಕೊಂಡು ಇನ್ನೊಂದನ್ನು ಕೊಡುತ್ತೇನೆ, ಮಂಗಳೂರು ಕಡೆಯದ್ದಕ್ಕೂ ಹಾಗೆಯೇ. ಬರೆಯದವನಿಗೆ ಇದಾದರೂ ಇರಲಿ.

ಸೀತಾನದಿ, ಬ್ರಹ್ಮಾವರ
ಜೂನ್ 12, ರಾತ್ರಿ 8.50

ನಿಮ್ಮನ್ನು ಬರೀ ಪೊಟ್ಟಣ ಸಾಗಿಸುವವರನ್ನಾಗಿ ಮಾಡುವುದಿಲ್ಲ. ಬರೆಯದ ಭಾಗವತ ಬೇಕು ಎಂದವರು ನೀವೇ ಅಲ್ಲವೇ? ಎರಡೂ ಪುಸ್ತಕ ನಿಮ್ಮ ಮೂಲಕವೇ ಹೋಗುತ್ತವೆ. ಒಂದು ರಾತ್ರಿ ಇಟ್ಟುಕೊಂಡು ಓದಿ ಕಳುಹಿಸಿ. ಎಲ್ಲಾದರೂ ಮಾತು ಬಿಸಿಯಾದದ್ದು ಕಂಡರೆ ಜಾಗಟೆ ಬಾರಿಸುವ ಅಧಿಕಾರ ನಿಮ್ಮದು.

ಉಳಿದಂತೆ ಹೀಗೆ ಮಾಡೋಣ. ಎರಡು ಪುಸ್ತಕ, ಮೂಲ್ಕಿಯಲ್ಲಿ ಅದಲುಬದಲು, ಎರಡನೆಯ ಸುತ್ತು ಮುಗಿದ ಮೇಲೆ ಪುಸ್ತಕ ಹೊರಟ ಊರಿಗೇ ಮರಳುತ್ತದೆ. ವಾಕ್ಯ ಮತ್ತು ಪ್ರಶ್ನೆಯ ಕಟ್ಟಳೆ ಹಾಗೆಯೇ ಇರುತ್ತದೆ. ಕಾಗುಣಿತ ಚೀಟಿಯಲ್ಲಿ, ಕೇಳಿದವರಿಗೆ ಮಾತ್ರ. ದಿನಾಂಕ ಹಾಕಿ ಖಾಲಿ ಬಿಟ್ಟ ಪುಟದ ಎದುರು ಯಾರೂ ಏನೂ ಬರೆಯಬಾರದು.

ಹೊರಡುವ ದಿನ ಜುಲೈ 1. ಕನ್ನಡದ ಮೊದಲ ಪತ್ರಿಕೆ ಮಂಗಳೂರ ಸಮಾಚಾರ ಬಾಸೆಲ್ ಮಿಷನ್ನಿನಿಂದ ಕಲ್ಲಚ್ಚಿನಲ್ಲಿ ಹೊರಬಂದದ್ದು 1843ರ ಅದೇ ದಿನ, ಸಂಪಾದಕರು ಹರ್ಮನ್ ಮೋಗ್ಲಿಂಗ್. ಎರಡು ಪುಸ್ತಕದಲ್ಲಿ ಒಂದು ಅದೇ ಊರಿನಿಂದ ಹೊರಡುತ್ತಿದೆ, ಆ ದಿನವೇ ಇರಲಿ ಎಂದು ನನ್ನ ಆಸೆ.

ಸವಾಲು ಹಾಕುವ ಸರದಿ ಕಿರಿಯವಳದ್ದು. ರಾತ್ರಿಪಾಳಿ, ಹೇಳಮ್ಮ.

ರಾತ್ರಿಪಾಳಿ, ಮಣಿಪಾಲ
ಜೂನ್ 13, ಬೆಳಿಗ್ಗೆ 7.05

ಪಾಳಿ ಮುಗಿಸಿ ಬಸ್ಸಿನಲ್ಲಿ ಕುಳಿತು ಯೋಚಿಸಿದ್ದು. ನಿಮ್ಮ ಮನೆಮಾತಿನಲ್ಲಿರುವ, ಕನ್ನಡಕ್ಕೆ ತರಲಾಗದ ಒಂದು ಪದವನ್ನು ಆರಿಸಿಕೊಳ್ಳಿ. ಮನೆಮಾತು ಕನ್ನಡವೇ ಆಗಿದ್ದರೆ ನಿಮ್ಮ ಊರಿನವರು ಮಾತ್ರ ಬಳಸುವ ಪದ. ಅದನ್ನು ಎಲ್ಲಿಯೂ ವಿವರಿಸದೆ, ಓದಿದವರಿಗೆ ಅರ್ಥವಾಗುವ ಹಾಗೆ ಎರಡು ಪುಟ ಬರೆಯಿರಿ.

ನಾನು ನನ್ನ ಉಮ್ಮ ಹೇಳುವ ಒಂದು ಪದ ಆರಿಸಿಟ್ಟಿದ್ದೇನೆ. ಈಗ ಹೇಳುವುದಿಲ್ಲ.

ಕರಡು ತಿದ್ದುವವ, ಮಂಗಳೂರು
ಜೂನ್ 13, ಬೆಳಿಗ್ಗೆ 7.40

ನಮ್ಮ ಕಡೆಯ ಪುಸ್ತಕ ನಿನ್ನೆಯೇ ತಂದಿದ್ದೇನೆ. ನೀಲಿ ರಟ್ಟು, 240 ಪುಟ. ಎಡಪುಟಗಳ ಮೇಲೆಲ್ಲ ಪೆನ್ಸಿಲಿನಲ್ಲಿ ಸಣ್ಣದಾಗಿ “ಎದುರುಪುಟ” ಎಂದು ಬರೆಯುತ್ತಿದ್ದೇನೆ. ಅರವತ್ತು ಆಗಿದೆ, ಇನ್ನು ಅರವತ್ತು ಬಾಕಿ.